ಆರ್ಗ್ಯಾನಿಕ್ ಕೆಮಿಸ್ಟ್ರಿಯ ರಿಯಾಕ್ಷನ್‌ಗಳನ್ನೆಲ್ಲ ಬಾಯಿಪಾಠ ಮಾಡಲು ಒಳ್ಳೆ ಚಾರ್ಟ್ ಇದೆಯಾ? ಇಲ್ಲಾ ಕೋಚಿಂಗ್ ಸೇರಲಾ?

ಚಾರ್ಟ್ ನನ್ನ ಹತ್ತಿರ ಇದೆ. ಕೊಡಲ್ಲ.

ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ದಿನಾ ಶಹಾಬಾದ್‌ನಿಂದ ರೈಲಿನಲ್ಲಿ ಓಡಾಡುತ್ತಿದ್ದೆ. ಸೀಟು ಸಿಗದಿದ್ದರೆ ಬಾಗಿಲ ಹತ್ತಿರ ನಿಂತೇ, ನಾಲ್ಕು ಮಡಿಕೆ ಮಾಡಿದ ಡ್ರಾಯಿಂಗ್ ಶೀಟು ಬಿಚ್ಚುತ್ತಿದ್ದೆ. ಎಡಗಡೆ ಫಂಕ್ಷನಲ್ ಗ್ರೂಪ್, ಅಂದರೆ ಅಣುವಿನಲ್ಲಿ ರಿಯಾಕ್ಷನ್ ಕೊಡುವ ಭಾಗ; ಬಲಗಡೆ ಟೆಸ್ಟ್. ಫೀನಾಲ್ ಅಂದರೆ ಫೆರಿಕ್ ಕ್ಲೋರೈಡ್, ನೇರಳೆ. ಆಲ್ಡಿಹೈಡ್ ಅಂದರೆ ಫೆಹ್ಲಿಂಗ್ ಅನ್ನೋ ನೀಲಿ ತಾಮ್ರದ ದ್ರಾವಣ, ಇಟ್ಟಿಗೆ ಕೆಂಪು. ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದೆ. ಒಮ್ಮೆ ಎದುರು ಕೂತ ಕಾಕಾ ಒಬ್ಬರು, ‘ಯಾವ ಮಂತ್ರ ಅದು ತಮ್ಮಾ?’ ಅಂತ ಕೇಳಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಬಂದದ್ದು ಬಣ್ಣವಿಲ್ಲದ ಒಂದು ದ್ರವ. ಟ್ಯೂಬಿನ ಬಾಯಿಗಿಟ್ಟ ಹತ್ತಿ ತೆಗೆದ ಕೂಡಲೇ ಬಾದಾಮಿ ಹಾಲಿಗೆ ಹಾಕುವ ಎಸೆನ್ಸಿನ ವಾಸನೆ. ಸುಟ್ಟರೆ ಕಪ್ಪು ಹೊಗೆ, ಅಂದರೆ ಆರು ಕಾರ್ಬನ್ನಿನ ಬೆಂಜೀನ್ ಉಂಗುರ ಇದೆ. 2,4-ಡಿಎನ್‌ಪಿ ಅನ್ನೋ ಟೆಸ್ಟ್ ದ್ರಾವಣ ಹಾಕಿದರೆ ಕಿತ್ತಳೆ ಬಣ್ಣದ ಗಸಿ. ಸರಿ, ಕಾರ್ಬೊನಿಲ್ (ಆಕ್ಸಿಜನ್ ಜೊತೆ ಜೋಡಿ ಬಂಧ ಇರುವ ಕಾರ್ಬನ್) ಇದೆ, ಆಲ್ಡಿಹೈಡೋ ಕೀಟೋನೋ ಇರಲೇಬೇಕು. ಫೆಹ್ಲಿಂಗ್ ಎ, ಬಿ ಎರಡನ್ನೂ ಸಮ ಬೆರೆಸಿ ಬಿಸಿನೀರಿನಲ್ಲಿ ಇಟ್ಟೆ. ಐದು ನಿಮಿಷ. ಹತ್ತು ನಿಮಿಷ. ನೀಲಿ ನೀಲಿಯಾಗೇ ಇತ್ತು.

ಕೀಟೋನ್ ಅಂತ ಬರೆದೆ. ಉಂಗುರ ಇರುವ ಕೀಟೋನ್ ಅಂದರೆ ನನ್ನ ಚಾರ್ಟಿನಲ್ಲಿ ಅಸಿಟೋಫಿನೋನ್.

ಇಲ್ಲಿ ಸ್ವಲ್ಪ ನಿಲ್ಲಿ, ನಾನು ಕೆಟ್ಟದ್ದು ಇಲ್ಲೇ. ನನ್ನ ಟ್ಯೂಬಿನಲ್ಲಿದ್ದದ್ದು ಬೆಂಜಾಲ್ಡಿಹೈಡ್. ಫೆಹ್ಲಿಂಗ್ ಅಂಥ ಜೋರಿನ ಆಕ್ಸಿಡೈಸರ್ (ಎಲೆಕ್ಟ್ರಾನ್ ಕಿತ್ತುಕೊಳ್ಳುವ ವಸ್ತು) ಅಲ್ಲ. ಅಸಿಟಾಲ್ಡಿಹೈಡ್‌ನಂಥದ್ದು ಅದರ ಕೈಗೆ ಸುಲಭವಾಗಿ ಸಿಗುತ್ತದೆ. ಬೆಂಜಾಲ್ಡಿಹೈಡ್‌ನಲ್ಲಿ ಉಂಗುರ ಪಕ್ಕದಲ್ಲೇ ಕೂತು ತನ್ನ ಎಲೆಕ್ಟ್ರಾನ್‌ಗಳನ್ನು ಕಾರ್ಬೊನಿಲ್ ಕಡೆ ಸ್ವಲ್ಪ ಬಿಟ್ಟುಕೊಡುತ್ತದೆ. ಆ ಕಾರ್ಬನ್ನಿನ ಎಲೆಕ್ಟ್ರಾನ್ ಹಸಿವು ಕಡಿಮೆಯಾಗುತ್ತದೆ. ಹಾಗಾಗಿ ಅದು ಫೆಹ್ಲಿಂಗ್‌ಗೆ ಬಗ್ಗಲ್ಲ, ಟಾಲೆನ್ಸ್ ಅನ್ನೋ ಬೆಳ್ಳಿ ದ್ರಾವಣಕ್ಕೆ ಬಗ್ಗುತ್ತದೆ. ‘ಕೆಂಪು ಬಂದರೆ ಆಲ್ಡಿಹೈಡ್’ ಅನ್ನೋದನ್ನು ನಾನು ‘ಬರದಿದ್ದರೆ ಆಲ್ಡಿಹೈಡ್ ಅಲ್ಲ’ ಅಂತ ತಿರುಗಿಸಿಬಿಟ್ಟಿದ್ದೆ. ಟಾಲೆನ್ಸ್ ಯಾಕೆ ಮಾಡಲಿಲ್ಲ ಅಂತೀರಾ? ಹಿಂದಿನ ವಾರ ಟ್ಯೂಬು ಸರಿಯಾಗಿ ತೊಳೆಯದೆ ಮಾಡಿದ್ದೆ, ಬೆಳ್ಳಿ ಕನ್ನಡಿಯ ಬದಲು ಕರಿ ಮಸಿ ಬಂದಿತ್ತು. ಆ ಟೆಸ್ಟೇ ದಂಡ ಅಂದುಕೊಂಡಿದ್ದೆ. ಅಯೋಡೋಫಾರ್ಮ್ ಟೆಸ್ಟ್ ಮಾಡಿದ್ದರೂ ಬದುಕುತ್ತಿದ್ದೆ. ಅಸಿಟೋಫಿನೋನ್ ಆಗಿದ್ದರೆ ಹಳದಿ ಗಸಿ ಬರಬೇಕಿತ್ತಲ್ವಾ?

ಇದಕ್ಕಿಂತ ದೊಡ್ಡ ಪಾಪ ಆಮೇಲೆ ಮಾಡಿದೆ. ಕುದಿಯುವ ಬಿಂದು 177 ಡಿಗ್ರಿ ಬಂತು. ಅಸಿಟೋಫಿನೋನ್‌ದು 202. ಥರ್ಮಾಮೀಟರ್ ಕೆಟ್ಟಿದೆ ಅಂತ 200 ಎಂದು ಬರೆದೆ. ಬೆಂಜಾಲ್ಡಿಹೈಡ್ ಕುದಿಯೋದು 179ರ ಹತ್ತಿರ. ಮೂಗು ಹೇಳಿತ್ತು, ಥರ್ಮಾಮೀಟರೂ ಹೇಳಿತ್ತು. ನಾನು ಚಾರ್ಟ್ ನಂಬಿದೆ. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಹಾಳೆ ನೋಡಿ, ಟ್ಯೂಬ್ ಮೂಸಿ, ‘ಇದು ಕೀಟೋನ್ ಹೆಂಗ ಆಯ್ತಪಾ?’ ಅಂತ ಅಷ್ಟೇ ಕೇಳಿದರು. ಫೇಲ್ ಆಗಲಿಲ್ಲ. ಫಸ್ಟ್ ಕ್ಲಾಸ್ ಹೋಯಿತು.

ಈಗ ನಿಮ್ಮ ಪ್ರಶ್ನೆ. ಯಾವ ಚಾರ್ಟ್ ಒಳ್ಳೇದು ಅನ್ನೋದೇ ತಪ್ಪು ಪ್ರಶ್ನೆ. ಗುಂಪಿನ ಹೆಸರು ನೋಡಿ ರಿಯಾಕ್ಷನ್ ಹೇಳಬೇಡಿ, ಅದರ ಪಕ್ಕದ ಮನೆಯಲ್ಲಿ ಯಾರಿದ್ದಾರೆ ನೋಡಿ. ಅಸಿಟಾಲ್ಡಿಹೈಡ್‌ಗೆ ಪಕ್ಕದ ಕಾರ್ಬನ್ನಿನಲ್ಲಿ ಹೈಡ್ರೋಜನ್ ಇದೆ, ತೆಳು ಕ್ಷಾರ ಹಾಕಿದರೆ ಆಲ್ಡಾಲ್: ಎರಡು ಅಣು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬೆಂಜಾಲ್ಡಿಹೈಡ್‌ಗೆ ಅದಿಲ್ಲ, ಗಟ್ಟಿ ಕ್ಷಾರದಲ್ಲಿ ಕ್ಯಾನಿಝಾರೊ: ಒಂದು ಅಣು ಬೆಂಜೈಲ್ ಆಲ್ಕೋಹಾಲ್ ಆಗುತ್ತದೆ, ಇನ್ನೊಂದು ಬೆಂಜೋಯೇಟ್. ಎರಡು ಹೆಸರು, ಒಂದೇ ವಿಚಾರ: ಪಕ್ಕದಲ್ಲಿ ಹೈಡ್ರೋಜನ್ ಇದೆಯಾ ಇಲ್ಲವಾ. ಓಹೆಚ್ ಗುಂಪು ಉಂಗುರಕ್ಕೆ ಅಂಟಿದರೆ ಫೀನಾಲ್, ಕಾರ್ಬೊನಿಲ್‌ಗೆ ಅಂಟಿದರೆ ಆಮ್ಲ. ಅಡುಗೆ ಸೋಡಾ ಹಾಕಿದರೆ ಎರಡನೆಯದು ಮಾತ್ರ ಬುಸ್ಸೆಂದು ನೊರೆ ಬಿಡುತ್ತದೆ. ನಮ್ಮ ಕಡೆ ಮನೆಮನೆಯಲ್ಲೂ ನೆಲಕ್ಕೆ ಶಹಾಬಾದ್ ಫರಸಿ, ಅದು ಸುಣ್ಣದ ಕಲ್ಲು, ಅಂದರೆ ಕಾರ್ಬೊನೇಟ್. ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಮಂಕು ಕಲೆ ಉಳಿಯುತ್ತದೆ. ಸಿಟ್ರಿಕ್ ಆಮ್ಲ ಕಾರ್ಬೊನೇಟನ್ನು ತಿಂದ ಗುರುತು ಅದು. ಅವ್ವನ ಹತ್ತಿರ ಬೈಸಿಕೊಂಡ ಈ ರಿಯಾಕ್ಷನ್ ನನಗೆ ಯಾವತ್ತೂ ಮರೆತಿಲ್ಲ.

ಕೋಚಿಂಗ್ ವಿಷಯ ನಿಮ್ಮ ಇಷ್ಟ. ಅಲ್ಲೂ ಚಾರ್ಟೇ ಕೊಡುತ್ತಾರೆ, ಲ್ಯಾಮಿನೇಷನ್ ಮಾಡಿ.

ಪರೀಕ್ಷೆ ಮುಗಿದ ಮರುದಿನ ಲ್ಯಾಬಿಗೆ ಹೋಗಿದ್ದೆ. ಅಟೆಂಡರ್ ಕಾಕಾ ಬೆಂಜಾಲ್ಡಿಹೈಡ್ ಬಾಟಲಿ ಕೆಳಗಿಳಿಸಿ ತೋರಿಸಿದರು. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿತ್ತು. ಬೆಂಜೋಯಿಕ್ ಆಮ್ಲ. ಫೆಹ್ಲಿಂಗ್ ಕೈಲಿ ಆಗದ ಆಕ್ಸಿಡೇಷನ್ ಅನ್ನು ಬರೀ ಗಾಳಿ ಸದ್ದಿಲ್ಲದೆ ಮಾಡಿ ಮುಗಿಸಿತ್ತು.