ಸರ್ಜ್ ಪ್ರೊಟೆಕ್ಟರಿಗೇ ಬೆಂಕಿ ಹತ್ತದ ಹಾಗೆ ಡಿಸೈನ್ ಮಾಡುವುದು ಹೇಗೆ?

ತಾರಿಹಾಳದಲ್ಲಿ ಪ್ಯಾನೆಲ್ ಬೋರ್ಡ್ ಮಾಡುತ್ತೇವೆ, ಇನ್ನು ಸರ್ಜ್ ಪ್ರೊಟೆಕ್ಟರನ್ನೂ (ಸಿಡಿಲಿನಂಥ ಹಠಾತ್ ವೋಲ್ಟೇಜ್ ಏರಿಕೆಯಿಂದ ಉಪಕರಣ ಕಾಯುವ ಸಾಧನ) ನಾವೇ ತಯಾರಿಸಬೇಕು, 40 ಕೆಎ (ಕಿಲೋಆಂಪಿಯರ್, ಅದು ತಾಳುವ ಸರ್ಜ್ ಕರೆಂಟ್) ಸಾಕಾ, ಜಾಸ್ತಿ ಬೇಕಾ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಕೆಎ ಆಮೇಲೆ ನೋಡಿದರಾಯಿತು. ಪ್ರೊಟೆಕ್ಟರ್ ಹಾಳಾದ ದಿನ ಬೆಂಕಿಯಿಲ್ಲದೆ ಲೈನಿನಿಂದ ತಾನೇ ಕಡಿದುಕೊಳ್ಳುತ್ತದಾ? ಮೊದಲು ಅದನ್ನು ನೋಡಿ.

ಒಳಗಿರುವುದು ಎಂಓವಿ, ಅಂದರೆ ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟ್ ಹರಿಯಬಿಡುವ ಜಿಂಕ್ ಆಕ್ಸೈಡ್ ಬಿಲ್ಲೆ. ಸಿಡಿಲಿನ ಸರ್ಜ್ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತದೆ, ಅಷ್ಟನ್ನು ಬಿಲ್ಲೆ ತಡೆದುಕೊಳ್ಳುತ್ತದೆ. ದೊಡ್ಡ ಹೊಡೆತ ಬಿದ್ದಾಗೆಲ್ಲ ಸ್ವಲ್ಪ ಸವೆಯುತ್ತದೆ, ಸದಾ ಸೋರುವ ಲೀಕೇಜ್ ಕರೆಂಟ್ ಏರುತ್ತದೆ, ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಲೀಕೇಜ್ ಇನ್ನೂ ಏರುತ್ತದೆ. ಆದರೆ ನಮ್ಮ ಕಡೆ ನಾನು ನೋಡಿದ ಸುಟ್ಟ ಮಾಡ್ಯೂಲುಗಳಲ್ಲಿ ಹೆಚ್ಚಿನವು ಸಿಡಿಲಿಗೆ ಸುಟ್ಟಿದ್ದಲ್ಲ, ನ್ಯೂಟ್ರಲ್ ಹೋಗಿ ಸುಟ್ಟಿದ್ದು. ಏಪ್ರಿಲ್-ಮೇ ಗಾಳಿಮಳೆಗೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಬರುವ ನ್ಯೂಟ್ರಲ್ ತುಂಡಾಯಿತು ಅಂದುಕೊಳ್ಳಿ, ಲೋಡ್ ಕಡಿಮೆ ಇರುವ ಫೇಸಿನಲ್ಲಿ 230 ವೋಲ್ಟ್ ಇದ್ದದ್ದು 400ರ ಹತ್ತಿರ ಹೋಗಿ ಅಲ್ಲೇ ನಿಲ್ಲುತ್ತದೆ, ಲೈನ್‌ಮನ್ ಬರುವವರೆಗೂ 275 ವೋಲ್ಟಿನವರೆಗೆ ಮಾತ್ರ ಸತತವಾಗಿ ತಾಳುವ ಎಂಓವಿ ಅದನ್ನು ಹೊರುತ್ತಾ ಕೂರಬೇಕು.

ಆಗ ಹರಿಯುವುದು ಕೆಲವೇ ಆಂಪಿಯರ್ ಇರಬಹುದು. ಹಿಂದಿರುವ 63 ಆಂಪಿಯರ್ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ, ಆದರೆ ಬಿಲ್ಲೆ ಸುಡಲು ಧಾರಾಳ ಸಾಕು. ಅದಕ್ಕೇ ಥರ್ಮಲ್ ಡಿಸ್‌ಕನೆಕ್ಟರ್ (ಬಿಸಿಯಾದರೆ ಲೈನ್ ಕಡಿಯುವ ಭಾಗ) ಬೇಕೇ ಬೇಕು: ಕಡಿಮೆ ಬಿಸಿಗೆ ಕರಗುವ ಸೋಲ್ಡರ್, ಅದನ್ನು ಎಳೆದು ಹಿಡಿದ ಸ್ಪ್ರಿಂಗ್. ಅದನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಿಂದ ಬಂದ ಮಾಡ್ಯೂಲ್ ಬಿಚ್ಚಿದಾಗ ಬಿಲ್ಲೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು, ಸುತ್ತಲೂ ಮಸಿ, ಕೇಸ್ ಕರಗಿ ಇಳಿದಿತ್ತು. ಸೋಲ್ಡರ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು! ಅದನ್ನು ದೂರದ ಟರ್ಮಿನಲ್ ತುದಿಯಲ್ಲಿ ಹಾಕಿದ್ದರು, ಅಲ್ಲಿಗೆ ಬಿಸಿ ತಲುಪಲೇ ಇಲ್ಲ. ನೀವು ನೇರ ಬಿಲ್ಲೆಯ ಎಲೆಕ್ಟ್ರೋಡ್ ಮೇಲೇ ಬೆಸೆಯಿರಿ. ಸೋಲ್ಡರ್ ಕರಗಿ ಸುಮ್ನೆ ಬಿಟ್ಟುಕೊಂಡರೂ ಸಾಲದು, ನಡುವೆ ಆರ್ಕ್ (ಗಾಳಿಯಲ್ಲೇ ಹರಿಯುವ ಕಿಡಿ) ಹಿಡಿಯುತ್ತದೆ. ಸ್ಪ್ರಿಂಗ್ ಹಾರಿದ ಕೂಡಲೇ ಮಧ್ಯಕ್ಕೆ ಒಂದು ಇನ್ಸುಲೇಷನ್ ತಗಡು ಜಾರಿ ಬರುವಂತೆ ಮಾಡಿ. ಸೋಲಾರಿನ ಡಿಸಿ ಕಡೆಗೆ ಹಾಕುವುದಾದರೆ ಇದು ಇನ್ನೂ ಮುಖ್ಯ, ಡಿಸಿ ಆರ್ಕ್ ತಾನಾಗಿ ಆರುವುದಿಲ್ಲ.

ಕೇಸಿಗೆ ವಿ-0 ದರ್ಜೆಯ, ಅಂದರೆ ಬೆಂಕಿ ತಗಲಿದರೂ ಬೇಗ ತಾನೇ ಆರುವ ಪ್ಲಾಸ್ಟಿಕ್ಕೇ ಬಳಸಿ. ಮಾದರಿ ತಯಾರಾದ ಮೇಲೆ ವೋಲ್ಟೇಜ್ ಏರಿಸಿ, ಕರೆಂಟನ್ನು ಅರ್ಧ, ಎರಡೂವರೆ, ಐದು, ಹತ್ತು ಆಂಪಿಯರಿಗೆ ಕಟ್ಟಿಹಾಕಿ, ಮೇಲೆ ತೆಳು ಹತ್ತಿಬಟ್ಟೆ ಸುತ್ತಿ ಪರೀಕ್ಷಿಸಿ. ಸರ್ಜ್ ಪ್ರೊಟೆಕ್ಟರುಗಳ ಅಮೆರಿಕದ ಸುರಕ್ಷತಾ ಮಾನದಂಡ ಯುಎಲ್ 1449ರಲ್ಲಿ ಇರುವುದೂ ಇಂಥ ಪರೀಕ್ಷೆಯೇ. ಬಟ್ಟೆ ಹೊತ್ತಿದರೆ ಡಿಸೈನ್ ಬದಲಿಸಿ. ಇದನ್ನು ಒಳ್ಳೆಯ ಲ್ಯಾಬಿನಲ್ಲೇ ಮಾಡಿಸಿ, ವರ್ಕ್‌ಶಾಪಿನಲ್ಲಿ ಬೇಡ.

ಪ್ಯಾನೆಲ್ ಕೂಡ ನೀವೇ ಮಾಡುವುದರಿಂದ ಇನ್ನೊಂದು ನಿಮ್ಮ ಕೈಯಲ್ಲೇ ಇದೆ. ಸರ್ಜ್ ಬಂದಾಗ ಒಂದು ಮೀಟರ್ ವೈರಿನಲ್ಲೇ ಸುಮಾರು 1,000 ವೋಲ್ಟ್ ಏಳುತ್ತದೆ, ಪ್ರೊಟೆಕ್ಟರ್ ತಡೆದರೂ ಅಷ್ಟು ಉಪಕರಣದ ಮೇಲೆ ಹೆಚ್ಚುವರಿಯಾಗಿ ಬೀಳುತ್ತದೆ. ಬಸ್‌ಬಾರಿನಿಂದ ಪ್ರೊಟೆಕ್ಟರಿಗೆ, ಅಲ್ಲಿಂದ ಅರ್ತ್ ಬಾರಿಗೆ, ಎರಡೂ ಸೇರಿ ಅರ್ಧ ಮೀಟರ್ ದಾಟದ ಹಾಗೆ ಜಾಗ ಕೊಡಿ.