ಹಂಪಿ ನೋಡಿದವರಿಗೆ ರೋಮ್ ಯಾಕೆ?

(ಶಿರಸಿ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಮಗ ಜರ್ಮನಿಯಲ್ಲಿದ್ದಾನೆ. ಅಕ್ಟೋಬರಿನಲ್ಲಿ ನಾಲ್ಕು ದಿನ ರೋಮ್ ತೋರಿಸುತ್ತೇನೆ ಅಂತಾನೆ. ಅವನ ಪಟ್ಟಿಯಲ್ಲಿ ಇಪ್ಪತ್ತೆರಡು ಜಾಗ ಇವೆ. ಹಂಪಿ ನೋಡಿದವಳು ಮತ್ತೆ ಪಾಳುಬಿದ್ದ ಕಲ್ಲು ನೋಡೋಕೆ ಅಷ್ಟು ದೂರ ಹೋಗಬೇಕಾ? ಅಲ್ಲಿ ನಮ್ಮಂಥವರ ಊಟಕ್ಕೆ ಏನು ಗತಿ? ಉಪ್ಪಿನಕಾಯಿ, ತುಪ್ಪ ಒಯ್ಯಬಹುದಾ?")

ನಮಸ್ಕಾರ ಟೀಚರ್,

ಮೊದಲು ಆ ಪಟ್ಟಿಗೆ ಕತ್ತರಿ ಹಾಕಿಸಿ. ನಾಲ್ಕು ದಿನಕ್ಕೆ ಇಪ್ಪತ್ತೆರಡು ಜಾಗ ಅಂದರೆ ನೀವು ನೋಡುವುದು ರೋಮನ್ನಲ್ಲ, ಬರೀ ಕ್ಯೂಗಳನ್ನು. ಏಳೆಂಟು ಉಳಿಸಿಕೊಂಡರೆ ಧಾರಾಳವಾಯಿತು.

ಹಂಪಿಯ ಮಾತು ಎತ್ತಿದ್ದು ಒಳ್ಳೆಯದಾಯಿತು. 1565ರ ಯುದ್ಧದ ನಂತರ ಆ ರಾಜಧಾನಿ ಹಾಳಾಯಿತು, ಜನ ಬಿಟ್ಟುಹೋದರು. ವಿರೂಪಾಕ್ಷನಿಗೆ ಪೂಜೆ ನಡೆಯುತ್ತಲೇ ಇದೆ ನಿಜ, ಆದರೆ ಅರಮನೆ, ಬಜಾರು ಎಲ್ಲ ಅವತ್ತು ನಿಂತಲ್ಲೇ ನಿಂತವು. ರೋಮ್ ಹಾಗಲ್ಲ. ಸಾಮ್ರಾಜ್ಯ ಹೋಯಿತು, ಜನ ತೀರಾ ಕಡಿಮೆಯಾದರು, ಆದರೂ ಊರು ಖಾಲಿ ಆಗಲೇ ಇಲ್ಲ. ಉಳಿದವರು ಹಳೇ ಗೋಡೆಗೇ ಮನೆ ಆತುಕೊಳ್ಳುವ ಹಾಗೆ ಕಟ್ಟಿಕೊಂಡರು, ಹಳೇ ಕಲ್ಲನ್ನೇ ಕಿತ್ತು ಹೊಸದಕ್ಕೆ ಬಳಸಿದರು. ಮಾರ್ಸೆಲಸ್ ರಂಗಮಂದಿರದ ಕಮಾನುಗಳ ಮೇಲೆ ಇವತ್ತಿಗೂ ಜನ ವಾಸವಾಗಿದ್ದಾರೆ. ಪಿಯಾಜಾ ನವೋನಾ ಅನ್ನುವ ಚೌಕ ಯಾಕೆ ಅಷ್ಟು ಉದ್ದುದ್ದ ಇದೆ ಗೊತ್ತಾ? ಅದು ಡೊಮಿಷಿಯನ್ ದೊರೆಯ ಓಟದ ಮೈದಾನ. ಮೈದಾನ ಹೋಯಿತು, ಆಕಾರ ಉಳಿಯಿತು. ಹಾಗಾಗಿ ಅಲ್ಲಿ ನೋಡಬೇಕಾದ್ದು ಪಾಳು ಅಲ್ಲ, ಮರುಬಳಕೆ.

ಕೊಲೋಸಿಯಂ ಮುಂದೆ ನಿಂತಾಗ ಎಲ್ಲರೂ ಮೇಲೆ ನೋಡುತ್ತಾರೆ. ನೀವು ಹತ್ತಿರ ಹೋಗಿ ಕಲ್ಲನ್ನು ನೋಡಿ. ಮೈತುಂಬಾ ತೂತು. ಕಲ್ಲಿಗೆ ಕಲ್ಲು ಹಿಡಿದಿಡಲು ಒಳಗೆ ಕಬ್ಬಿಣದ ಕೊಂಡಿ ಹಾಕಿದ್ದರು. ಮುಂದೆ ಕಬ್ಬಿಣ ಸಿಗುವುದೇ ಕಷ್ಟವಾದಾಗ ಜನ ಅವನ್ನು ಕೆತ್ತಿ ತೆಗೆದುಕೊಂಡರು. ಇನ್ನೊಂದು ಮಾತು: ಇಲ್ಲಿನ ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆಯಬೇಕು. ಅದರ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ನಮ್ಮ ಇನಿಷಿಯಲ್‌ಗಳ ಗೋಜಲು ನಿಮಗೆ ಗೊತ್ತೇ ಇದೆ, ಮಗನಿಗೆ ಹೇಳಿ.

ರೋಮನ್ನರ ಹಳೇ ಗುಡಿ ಪ್ಯಾಂಥಿಯಾನ್ ಉಳಿದಿದ್ದೂ ಬಳಕೆಯಿಂದಲೇ. 609ರಲ್ಲಿ ಅದನ್ನು ಚರ್ಚ್ ಮಾಡಿದರು, ಹಾಗಾಗಿ ಯಾರೂ ಕೆಡವಲಿಲ್ಲ. ಗುಮ್ಮಟದ ಅಗಲ 43 ಮೀಟರ್ ಚಿಲ್ಲರೆ, ನೆಲದಿಂದ ಎತ್ತರವೂ ಅಷ್ಟೇ. ಒಳಗೆ ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ಮೇಲೆ ಹೋದಂತೆ ಹಗುರ ಕಲ್ಲು ಬೆರೆಸಿದ್ದಾರೆ. ನಡುನೆತ್ತಿಯಲ್ಲಿ ದೊಡ್ಡ ಬಯಲು ಕಿಂಡಿ. ಮಳೆ ಬಂದರೆ ನೀರು ಸೀದಾ ಒಳಗೆ ಬೀಳುತ್ತದೆ, ನೆಲದಲ್ಲಿರುವ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಅಕ್ಟೋಬರಿನಲ್ಲಿ ಮಳೆ ಬಂದರೆ ಬೇಜಾರಾಗಬೇಡಿ, ಇಲ್ಲಿಗೆ ಹೊರಡಿ.

ಒಂದೇ ಜಾಗ ನೋಡುವಷ್ಟು ಸಮಯ ಇದೆ ಅಂದರೆ ನಾನು ಹೇಳುವುದು ಇವೆರಡೂ ಅಲ್ಲ, ಸಾನ್ ಕ್ಲೆಮೆಂತೆ ಚರ್ಚ್. ಕೊಲೋಸಿಯಂನಿಂದ ನಡೆದೇ ಹೋಗಬಹುದು. ಮೇಲಿರುವುದು 12ನೇ ಶತಮಾನದ ಚರ್ಚ್, ಅದರ ಮೊಸಾಯಿಕ್ ನೋಡಿಯೇ ಸುಮಾರು ಜನ ವಾಪಸ್ ಬರುತ್ತಾರೆ. ನೀವು ಟಿಕೆಟ್ ತೆಗೆದು ಕೆಳಗೆ ಇಳಿಯಿರಿ. ಅಲ್ಲಿ 4ನೇ ಶತಮಾನದ ಚರ್ಚ್. ಇನ್ನೂ ಕೆಳಗೆ ಇಳಿದರೆ 1ನೇ ಶತಮಾನದ ಕಟ್ಟಡಗಳು, ಜೊತೆಗೆ ಮಿತ್ರಾಸ್ ದೇವರ ಗುಡಿ. ಎಲ್ಲೋ ನೀರು ಹರಿಯುವ ಸದ್ದು ಕೇಳಿಸುತ್ತದೆ. 1857ರಲ್ಲಿ ಅಲ್ಲಿನ ಐರಿಷ್ ಪಾದ್ರಿ ಜೋಸೆಫ್ ಮುಲೂಲಿ ಅಗೆಸಲು ಶುರುಮಾಡುವ ತನಕ ಕೆಳಗೆ ಇಷ್ಟೆಲ್ಲ ಇದೆ ಅನ್ನುವುದೇ ಮರೆತುಹೋಗಿತ್ತು.

ನಡುವಿನ ಅಂತಸ್ತಿನಲ್ಲಿ ಒಂದು ಗೋಡೆಚಿತ್ರ ಇದೆ, ತಪ್ಪಿಸಬೇಡಿ. ಸಿಸಿನಿಯಸ್ ಎಂಬ ಸಾಹುಕಾರ, ಈ ಚರ್ಚಿಗೆ ಹೆಸರು ಕೊಟ್ಟ ಸಂತ ಕ್ಲೆಮೆಂಟನನ್ನು ಎಳೆದು ತನ್ನಿ ಅಂತ ಆಳುಗಳಿಗೆ ಹೇಳುತ್ತಿದ್ದಾನೆ. ಪವಾಡ ನಡೆದು ಅವರು ಎಳೆಯುತ್ತಿರುವುದು ಸಂತನನ್ನಲ್ಲ, ಕಲ್ಲಿನ ಕಂಬವನ್ನು! ಮಾತುಗಳನ್ನು ಕಾಮಿಕ್ಸಿನ ಹಾಗೆ ಪಕ್ಕದಲ್ಲೇ ಬರೆದಿದ್ದಾರೆ. ಸಂತನ ಮಾತು ಲ್ಯಾಟಿನ್ನಿನಲ್ಲಿದೆ. ಸಾಹುಕಾರ ಮಾತ್ರ ಬೀದಿಮಾತಿನಲ್ಲಿ ಆಳುಗಳ ತಾಯಂದಿರನ್ನೂ ಸೇರಿಸಿ ಬೈಯುತ್ತಾನೆ. ಇಟಾಲಿಯನ್ ಭಾಷೆಯ ತೀರಾ ಹಳೆಯ ಬರಹಗಳಲ್ಲಿ ಒಂದು ಈ ಬೈಗುಳ, ಅದೂ ಚರ್ಚಿನೊಳಗೆ. ಪಾಠ ಮಾಡಿದವರಿಗೆ ಇದು ಖುಷಿ ಕೊಡುತ್ತದೆ, ಅಲ್ವಾ?

ಮಂಡಿನೋವಿದ್ದರೆ ಮೆಟ್ಟಿಲು ಬೇಡ. ಮೆಟ್ರೋ ಸಿ ಲೈನಿನ ಸಾನ್ ಜೊವಾನಿ ಸ್ಟೇಷನ್ನಿಗೆ ಹೋಗಿ. ಅಗೆಯುವಾಗ ಸಿಕ್ಕಿದ್ದನ್ನೆಲ್ಲ ಅಲ್ಲೇ ಜೋಡಿಸಿಟ್ಟಿದ್ದಾರೆ. ಎಸ್ಕಲೇಟರಿನಲ್ಲಿ ಇಳಿಯುತ್ತಿದ್ದರೆ ಯಾವ ಆಳದಲ್ಲಿ ಯಾವ ಕಾಲ ಅಂತ ಗೋಡೆಯೇ ಹೇಳುತ್ತದೆ.

ನಿಮ್ಮ ಕಡೆ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದಲ್ಲ, ಅದಕ್ಕೂ ಈ ಊರಿಗೂ ಹಳೇ ನಂಟು. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಹಡಗಿನಲ್ಲಿ ರೋಮಿಗೆ ಹೋಗುತ್ತಿತ್ತು. ಡೊಮಿಷಿಯನ್ ಅದಕ್ಕೆಂದೇ ಫೋರಂ (ಹಳೇ ರೋಮಿನ ನಡುಚೌಕ) ಪಕ್ಕ ಗೋದಾಮು ಕಟ್ಟಿಸಿದ್ದ. ಆಮೇಲೆ ಮ್ಯಾಕ್ಸೆಂಟಿಯಸ್ ದೊರೆ ಅದರ ಮೇಲೆಯೇ ತನ್ನ ಬೃಹತ್ ಸಭಾಭವನ ಎಬ್ಬಿಸಿದ. ಆ ಮೂರು ದೊಡ್ಡ ಕಮಾನು ಈಗಲೂ ಇವೆ. ಅತ್ತಲಿಂದ ಬಂದ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ.

ಇನ್ನು ಊಟ. ರೋಮಿನವರ 'ಕಾಚೊ ಎ ಪೆಪೆ' ಅಂದರೆ ಪಾಸ್ತಾ, ಚೀಸು, ಮೇಲೆ ಕೈಬಿಟ್ಟು ಉದುರಿಸಿದ ಕಾಳುಮೆಣಸು, ಅಷ್ಟೇ. ಆದರೆ ಆ ಪೆಕೊರೀನೊ ಚೀಸಿಗೆ ಹಾಲು ಒಡೆಯಿಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ನಿಮಗೆ ಅದು ನಡೆಯದಿದ್ದರೆ ಟೊಮೆಟೊ ಮಾತ್ರ ಸವರಿದ 'ಪಿಜ್ಜಾ ರೊಸ್ಸಾ' ಕೇಳಿ, ತೂಕಕ್ಕೆ ಕತ್ತರಿಸಿ ಕೊಡುತ್ತಾರೆ. ಕಾಫಿ ಮಾತ್ರ ನಮ್ಮ ದರ್ಶಿನಿಯ ಹಾಗೆ ನಿಂತೇ ಕುಡಿಯಿರಿ. ಕುರ್ಚಿ ಎಳೆದು ಕೂತರೆ ಬಿಲ್ ಜಾಸ್ತಿ. ನೀರಿಗೆ ದುಡ್ಡು ಕೊಡಬೇಡಿ, ಬೀದಿಬೀದಿಯಲ್ಲಿ ನಲ್ಲಿಗಳಿವೆ, ಕುಡಿಯುವ ನೀರೇ. ನಲ್ಲಿಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗಬೇಕಿಲ್ಲ.

ಕಾಲಿಗೆ ಶೂ ಇರಲಿ. ಹಳೇ ಬೀದಿಗಳಿಗೆ ಸಣ್ಣಸಣ್ಣ ಚೌಕದ ಕಪ್ಪುಕಲ್ಲು ಹಾಸಿದ್ದಾರೆ, ಚಪ್ಪಲಿಗೆ ಆಗುವುದಿಲ್ಲ. ಟರ್ಮಿನಿ ಸ್ಟೇಷನ್ ಹತ್ತಿರ, ತುಂಬಿದ ಬಸ್ಸಿನಲ್ಲಿ ವ್ಯಾನಿಟಿ ಬ್ಯಾಗ್ ಮುಂದಕ್ಕೆ ಹಾಕಿಕೊಳ್ಳಿ.

ಉಪ್ಪಿನಕಾಯಿ ಧಾರಾಳವಾಗಿ ಒಯ್ಯಿರಿ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯವರು ತೆಗೆಸುತ್ತಾರೆ. ತುಪ್ಪ ಬೇಡ. ಹಾಲಿನ ಪದಾರ್ಥಗಳನ್ನು ನಮ್ಮಲ್ಲಿಂದ ಯುರೋಪಿನೊಳಗೆ ಬಿಡುವುದಿಲ್ಲ. ಮಗನಿಗೆ ಜರ್ಮನಿಯ ಬೆಣ್ಣೆ ತರಲು ಹೇಳಿ, ಅಲ್ಲೇ ಕಾಯಿಸಿಕೊಳ್ಳಬಹುದು.

- ಸಂಪಾದಕ