ಓದುಗರ ಪ್ರಶ್ನೆ – ಉತ್ತರ: ಮನೆಯಲ್ಲಿ ಮಾಡಿದ ಬಿಯರನ್ನು ಹಂಚಿಕೊಂಡು ರುಚಿ ನೋಡುವಾಗ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳ ಕ್ಲಬ್‌ಗಳ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ತಯಾರಿಕೆಯ ವಿಧಾನವನ್ನು ಕೇಳಿದವಲ್ಲ. ಒಬ್ಬರ ಬಾಟಲಿಯನ್ನು ಇನ್ನೊಬ್ಬರು ತೆರೆದು ಕುಡಿದಾಗ ಏನು ನೋಡಬೇಕು, ಏನು ಹೇಳಬೇಕು ಎಂಬುದನ್ನು ಕೇಳಿದವು. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಆರು ತಿಂಗಳಿಂದ ಇಲ್ಲಿನ ಹೋಂಬ್ರೂ ಕ್ಲಬ್ಬಿನ ಸದಸ್ಯನಾಗಿದ್ದೇನೆ. ಪ್ರತಿ ತಿಂಗಳ ಸಭೆಗೆ ಎಲ್ಲರೂ ಎರಡು ಮೂರು ಬಾಟಲಿ ತಂದು ಅದಲು ಬದಲು ಮಾಡಿಕೊಳ್ಳುತ್ತೇವೆ. ಎಲ್ಲರೂ ನನ್ನ ಬಿಯರನ್ನು ‘ಚೆನ್ನಾಗಿದೆ’ ಎನ್ನುತ್ತಾರೆ, ನಾನೂ ಹಾಗೆಯೇ ಎನ್ನುತ್ತೇನೆ. ನನ್ನ ಬಿಯರ್ ಮಾತ್ರ ಮೊದಲಿದ್ದಲ್ಲೇ ಇದೆ. ಮನಸ್ಸು ನೋಯಿಸದೆ ದೋಷ ಹೇಳುವುದು ಹೇಗೆ? (ಪೋರ್ಟ್‌ಲ್ಯಾಂಡ್, ಆರೆಗಾನ್)

ಉತ್ತರ: ಒಬ್ಬರು ನಾಲ್ಕು ವಾರ ಕಾದು ತಂದ ಬಾಟಲಿಯನ್ನು ಅವರ ಎದುರಿನಲ್ಲೇ ತೆರೆದಾಗ ಬೇರೆ ಮಾತು ಬಾಯಿಗೆ ಬರುವುದು ಕಷ್ಟವೆಂಬುದನ್ನು ನಾನು ಬಲ್ಲೆ. ಆದರೆ ಹೀಗೆ ಯೋಚಿಸಿ ನೋಡಿ: ತಮ್ಮದೇ ಬಿಯರನ್ನು ಹದಿನೈದು ದಿನ ಕುಡಿದವರ ನಾಲಿಗೆ ಅದರ ದೋಷಕ್ಕೆ ಒಗ್ಗಿಹೋಗಿರುತ್ತದೆ, ಆದ್ದರಿಂದಲೇ ಅವರಿಗೆ ಇನ್ನೊಬ್ಬರ ನಾಲಿಗೆ ಬೇಕಾಗಿರುತ್ತದೆ. ಬರಿಯ ಹೊಗಳಿಕೆಯನ್ನು ಪಡೆದು ಮನೆಗೆ ಹೋದವರು ಬಾಟಲಿ ಕಳೆದುಕೊಂಡು ಬರಿಗೈಯಲ್ಲಿ ಹೋದಂತೆಯೇ ಸರಿ.

ಮೊದಲು ರುಚಿ ನೋಡುವ ಕ್ರಮವನ್ನು ಬದಲಿಸಿ. ಬಾಟಲಿಯ ಮೇಲೆ ತಯಾರಿಸಿದವರ ಹೆಸರು ಇರದಿರಲಿ, ಯಾವ ಬಗೆಯ ಬಿಯರ್ ಎಂಬುದಷ್ಟೇ ಇರಲಿ. ಸ್ವಚ್ಛವಾದ ಗಾಜಿನ ಲೋಟಕ್ಕೆ 60 ಮಿಲಿಲೀಟರಿನಷ್ಟು ಸುರಿದುಕೊಂಡು, ನೊರೆ ಇನ್ನೂ ಇರುವಾಗಲೇ ಮೂಸಿ ನೋಡಿ. ಕೆಲವು ವಾಸನೆಗಳು ಮೊದಲ ಅರ್ಧ ನಿಮಿಷದಲ್ಲೇ ಹಾರಿಹೋಗುತ್ತವೆ. ಫ್ರಿಜ್‌ನಿಂದ ಆಗತಾನೇ ತೆಗೆದ ಬಿಯರಿನಲ್ಲಿ ವಾಸನೆ ಅಡಗಿರುತ್ತದೆಯಾದ್ದರಿಂದ ಲೋಟವನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬಿಸುಪಾಗಲು ಬಿಟ್ಟು ಮತ್ತೊಮ್ಮೆ ಮೂಸಬೇಕು. ಎಲ್ಲರೂ ತಮಗೆ ಅನಿಸಿದ್ದನ್ನು ಕಾಗದದ ಮೇಲೆ ಬರೆದ ನಂತರವೇ ಬಾಯಿ ತೆರೆಯಬೇಕು, ಏಕೆಂದರೆ ಮೇಜಿನಲ್ಲಿ ಒಬ್ಬರು ‘ಲವಂಗ’ ಎಂದರೆ ಉಳಿದ ಐವರಿಗೂ ಲವಂಗವೇ ಕಾಣತೊಡಗುತ್ತದೆ.

ಸ್ಪರ್ಧೆಗಳ ತೀರ್ಪುಗಾರರಿಗೆ 1985ರಿಂದ ಪರೀಕ್ಷೆ ನಡೆಸಿ ಅರ್ಹತೆ ನೀಡುತ್ತಿರುವ ‘ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ’ ಬಳಸುವ ಅಂಕಪಟ್ಟಿ ನಿಮ್ಮ ಸಭೆಗೂ ಒದಗೀತು. ಅದರ 50 ಅಂಕಗಳಲ್ಲಿ ರುಚಿಗೆ 20, ಸುವಾಸನೆಗೆ 12, ಒಟ್ಟು ಅನಿಸಿಕೆಗೆ 10, ಬಾಯಲ್ಲಿ ಆಡುವ ಸ್ಪರ್ಶಕ್ಕೆ 5, ನೋಟಕ್ಕೆ ಕೇವಲ 3 ಇವೆ. ಬಣ್ಣ ತಿಳಿಯಾಗಿಲ್ಲವೆಂದು ಕೊರಗುವ ಹೊಸಬರು ಈ ಕೊನೆಯ ಸಂಖ್ಯೆಯನ್ನು ಗಮನಿಸಬೇಕು. ಹಾಗೆಂದು ಅಂಕವೇ ಮುಖ್ಯವೆಂದು ನಾನು ಹೇಳಲಾರೆ. ಅಂಕದ ಪಕ್ಕದಲ್ಲಿ ಬರೆಯಲು ಬಿಟ್ಟಿರುವ ಖಾಲಿ ಜಾಗದಲ್ಲಿ ಏನಿದೆಯೋ ಅದೇ ತಯಾರಿಸಿದವರಿಗೆ ಕೆಲಸಕ್ಕೆ ಬರುವುದು.

ಆ ಜಾಗದಲ್ಲಿ ಬರೆಯಲು ಪದಗಳು ಬೇಕು, ಅವು ನಮ್ಮ ಅಡುಗೆಮನೆಯಲ್ಲೇ ಬೇಕಾದಷ್ಟಿವೆ. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರು ಹಾಸನದಿಂದ ಬಂದು ನಮ್ಮಲ್ಲಿ ಮೂರು ತಿಂಗಳಿದ್ದರು. ಬಿಯರ್ ಎಂದರೆ ಏನೆಂದು ಬಾಯಿಟ್ಟು ನೋಡಿದವರಲ್ಲ. ಒಂದು ಸಂಜೆ ನಾನು ಗ್ಯಾರೇಜಿನಲ್ಲಿ ಹುದುಗು ಪಾತ್ರೆಯ ಮುಚ್ಚಳ ತೆಗೆದಾಗ ಬಾಗಿಲಲ್ಲಿ ನಿಂತು, “ಬೆಣ್ಣೆ ಕಾಯಿಸ್ತಿದ್ದೀಯೇನೋ?” ಎಂದು ಕೇಳಿದರು. ನಾನು ಆ ದಿನವೇ ಬಾಟಲಿಗೆ ತುಂಬಲು ಹೊರಟಿದ್ದ ಲಾಗರ್, ಎಂದರೆ ತಣ್ಣಗಿನ ಜಾಗದಲ್ಲಿ ಹುದುಗಿಸುವ ಬಗೆಯ ಬಿಯರ್ ಅದು. ಅವರ ಮೂಗಿಗೆ ಸಿಕ್ಕಿದ್ದು ಡೈಅಸಿಟೈಲ್. ಯೀಸ್ಟ್ ಹುದುಗುವಾಗ ಹೊರಬಿಡುವ ವಸ್ತುವೊಂದರಿಂದ ಇದು ಹುಟ್ಟುತ್ತದೆ, ಸಮಯ ಕೊಟ್ಟರೆ ಅದೇ ಯೀಸ್ಟ್ ಇದನ್ನು ಹೀರಿಕೊಂಡು ಇಲ್ಲವಾಗಿಸುತ್ತದೆ. ನಾನು ಅವಸರ ಮಾಡಿದ್ದೆ. ಪಾತ್ರೆಯನ್ನು 18ರಿಂದ 20 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ ಇನ್ನೂ ಮೂರು ದಿನ ಇಟ್ಟ ಮೇಲೆ ಬೆಣ್ಣೆಯ ಸುಳಿವೂ ಉಳಿಯಲಿಲ್ಲ. ಅಂದಿನಿಂದ ತುಂಬುವ ಮುನ್ನ ಒಂದು ಪರೀಕ್ಷೆ ಮಾಡುತ್ತೇನೆ: ಎರಡು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು, ಒಂದನ್ನು ಮುಚ್ಚಿ 60 ಡಿಗ್ರಿಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿದ ಮೇಲೆ ಎರಡನ್ನೂ ಮೂಸಿ ನೋಡುವುದು. ಬಿಸಿ ಮಾಡಿದ್ದರಲ್ಲಿ ಬೆಣ್ಣೆಯ ವಾಸನೆ ಎದ್ದರೆ ಇನ್ನೂ ಕಾಯಬೇಕೆಂದು ಅರ್ಥ.

ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರಸವನ್ನು ಮುಚ್ಚಳ ಹಾಕಿ ಕುದಿಸಿದ್ದಾರೆ ಅಥವಾ ಕುದಿಸಿದ ಮೇಲೆ ನಿಧಾನವಾಗಿ ಆರಿಸಿದ್ದಾರೆ ಎಂದು ಊಹಿಸಬಹುದು. ಮಳೆಯಲ್ಲಿ ನೆಂದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ತುಂಬುವಾಗ ಗಾಳಿ ಬೆರೆತಿದೆ. ಹಸಿ ಸೇಬಿನ ವಾಸನೆ ಇದ್ದರೆ ಬಿಯರ್ ಇನ್ನೂ ಎಳೆಯದು. ಲವಂಗದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅಮೆರಿಕನ್ ಪೇಲ್ ಏಲ್‌ನಲ್ಲಿ ಅದು ದೋಷ, ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ಪರಿಮಳದೊಡನೆ ಸೇರಿ ಅದೇ ಗುಣ. ಯಾವ ಬಗೆಯ ಬಿಯರ್ ಎಂದು ತಿಳಿಯದೆ ತೀರ್ಪು ಕೊಡಬಾರದು ಎನ್ನುವುದು ಇದಕ್ಕಾಗಿಯೇ.

ಇನ್ನು ಹೇಳುವ ಬಗೆ. ನನ್ನ ಮೂರನೆಯ ಬಿಯರನ್ನು ಕ್ಲಬ್ಬಿನ ಹಿರಿಯರೊಬ್ಬರು ಮೂಸಿ, ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, “ಗಾಯಕ್ಕೆ ಹಚ್ಚುವ ಪಟ್ಟಿಯ ವಾಸನೆ ನನಗೆ ಬರುತ್ತಿದೆ, ನೀವು ಯಾವ ನೀರು ಬಳಸಿದಿರಿ?” ಎಂದು ಕೇಳಿದರು. ನಲ್ಲಿಯ ನೀರು ಎಂದೆ. ನಲ್ಲಿನೀರಿನ ಕ್ಲೋರಿನ್ ಅಥವಾ ಕ್ಲೋರಮೀನ್ ಬಿಯರಿನಲ್ಲಿರುವ ಫೀನಾಲ್‌ಗಳೊಡನೆ ಸೇರಿ ಆ ವಾಸನೆಯನ್ನು ಹುಟ್ಟಿಸುತ್ತದೆಯೆಂದೂ, ಸುಮಾರು 75 ಲೀಟರ್ ನೀರಿಗೆ ಕ್ಲೋರಿನ್ ನೀಗಿಸುವ ಒಂದು ಕ್ಯಾಂಪ್‌ಡೆನ್ ಮಾತ್ರೆಯನ್ನು ಪುಡಿಮಾಡಿ ಹಾಕಿದರೆ ಸಾಕೆಂದೂ ವಿವರಿಸಿದರು. ಅವರು ನನ್ನ ಬಿಯರ್ ಕೆಟ್ಟದ್ದೆನ್ನಲಿಲ್ಲ. ತಮ್ಮ ಮೂಗಿಗೆ ಬಂದದ್ದನ್ನು ಹೇಳಿದರು, ಒಂದು ಪ್ರಶ್ನೆ ಕೇಳಿದರು, ನನ್ನ ಉತ್ತರವನ್ನು ಪೂರ್ತಿ ಕೇಳಿಸಿಕೊಂಡರು. ಮುಂದಿನ ಸಭೆಯಲ್ಲಿ ನೀವೇ ಮೊದಲಾಗಿ ನಿಮ್ಮ ಬಾಟಲಿಯನ್ನು ಮುಂದಿಟ್ಟು, “ಇದರಲ್ಲಿ ಏನೋ ಸರಿಯಿಲ್ಲ, ದಯವಿಟ್ಟು ಹುಡುಕಿಕೊಡಿ” ಎಂದು ಕೇಳಿ. ಉಳಿದವರ ನಾಲಿಗೆಯೂ ಸಡಿಲವಾಗುತ್ತದೆ.

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ಗೆಳೆಯನೂ ನಾನೂ ನಮ್ಮ ನಮ್ಮ ಬಿಯರನ್ನು ಅಂಚೆಯಲ್ಲಿ ಕಳುಹಿಸಿಕೊಳ್ಳಬಹುದೇ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಬೇಡ. ಅಮೆರಿಕದ ಅಂಚೆಯಲ್ಲಿ ಮದ್ಯ ಕಳುಹಿಸುವುದು ಫೆಡರಲ್ ಕಾನೂನಿನ ಪ್ರಕಾರ ನಿಷಿದ್ಧ. ದೊಡ್ಡ ಖಾಸಗಿ ಕೊರಿಯರ್ ಕಂಪನಿಗಳೂ ಪರವಾನಗಿ ಇರುವ ವ್ಯಾಪಾರಿಗಳಿಂದ ಮಾತ್ರ ಸ್ವೀಕರಿಸುತ್ತವೆ. ಒಳಗೇನಿದೆ ಎಂದು ಸುಳ್ಳು ಬರೆದು ಕಳುಹಿಸುವ ಸಲಹೆಯನ್ನು ನಿಮಗೆ ಯಾರಾದರೂ ಕೊಟ್ಟರೆ ಕೇಳಬೇಡಿ. ಭೇಟಿಗೆ ವಿಮಾನದಲ್ಲಿ ಹೋಗುವಾಗ ಚೆಕ್‌ಇನ್ ಸಾಮಾನಿನಲ್ಲಿ ಒಯ್ಯಿರಿ, ಬಿಯರಿನಷ್ಟು ಕಡಿಮೆ ಆಲ್ಕೊಹಾಲ್ ಇರುವ ಪಾನೀಯಕ್ಕೆ ಅಲ್ಲಿ ಅಡ್ಡಿಯಿಲ್ಲ. ಪ್ರತಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಟ್ಟೆ ಸುತ್ತಿ, ಪೆಟ್ಟಿಗೆಯ ನಡುಭಾಗದಲ್ಲಿ ಇಡಿ.

ಪ್ರಶ್ನೆ: ನಾನು ಕೊಟ್ಟ ಬಾಟಲಿಯೊಂದು ಗೆಳತಿಯ ಅಡುಗೆಮನೆಯ ಕಪಾಟಿನಲ್ಲಿ ಸಿಡಿಯಿತು. ಯಾರಿಗೂ ಗಾಯವಾಗಲಿಲ್ಲ, ಆದರೆ ಇನ್ನು ಯಾರಿಗೂ ಕೊಡಲು ಧೈರ್ಯವಿಲ್ಲ. ಎಲ್ಲಿ ತಪ್ಪಿದೆ? (ಮಿನ್ನಿಯಾಪೊಲಿಸ್)

ಉತ್ತರ: ಅದೇ ಸಲ ತುಂಬಿದ ಬಾಟಲಿಗಳು ಬೇರೆ ಯಾರ ಮನೆಯಲ್ಲಿದ್ದರೂ ಅವರಿಗೆ ಇಂದೇ ಫೋನ್ ಮಾಡಿ. ದಪ್ಪ ಬಟ್ಟೆ ಹೊದಿಸಿ, ಕೈಗವಸು ಮತ್ತು ಕನ್ನಡಕ ಧರಿಸಿ ಅವನ್ನು ಫ್ರಿಜ್‌ಗೆ ಸೇರಿಸಲಿ. ತಣ್ಣಗಾದರೆ ಯೀಸ್ಟಿನ ಕೆಲಸ ನಿಧಾನವಾಗಿ ಒತ್ತಡವೂ ಇಳಿಯುತ್ತದೆ. ಚೆನ್ನಾಗಿ ತಣಿದ ಮೇಲೆ ಸಿಂಕಿನಲ್ಲಿ, ಬಟ್ಟೆಯ ಮರೆಯಲ್ಲೇ ತೆರೆದು ಚೆಲ್ಲಲಿ.

ಕಾರಣ ಹೆಚ್ಚಾಗಿ ಒಂದೇ: ಹುದುಗುವಿಕೆ ಮುಗಿಯುವ ಮೊದಲೇ ಬಾಟಲಿಗೆ ತುಂಬಿದ್ದು. ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವಿಕೆ ಮುಗಿಯಿತೆಂದು ನಂಬುವಂತಿಲ್ಲ, ದ್ರವದ ಸಾಂದ್ರತೆಯನ್ನು ನೀರಿಗೆ ಹೋಲಿಸಿ ಅಳೆಯುವ ಹೈಡ್ರೋಮೀಟರ್ ಒಂದೇ ಸಾಕ್ಷಿ. ಸಕ್ಕರೆ ಹುದುಗಿ ಕಡಿಮೆಯಾದಂತೆ ಅದರ ಅಂಕಿ ಇಳಿಯುತ್ತದೆ. ನಿಮ್ಮ ಬಿಯರ್ 1.010ಕ್ಕೆ ಇಳಿಯಬೇಕಿದ್ದು, ನೀವು 1.015ರಲ್ಲೇ ತುಂಬಿದಿರಿ ಎಂದುಕೊಳ್ಳಿ. ಉಳಿದ ಆ ಐದು ಅಂಶದ ಸಕ್ಕರೆ ಬಾಟಲಿಯೊಳಗೆ ಹುದುಗಿದಾಗ ಹುಟ್ಟುವ ಅನಿಲ, ನೊರೆಗಾಗಿ ತುಂಬುವಾಗ ಸಕ್ಕರೆ ಬೆರೆಸಿ ನೀವು ಬೇಕೆಂದೇ ಬಯಸಿದ್ದ ಅನಿಲದಷ್ಟೇ ಇರುತ್ತದೆ. ಅಂದರೆ ಒಟ್ಟು ಹೆಚ್ಚು ಕಡಿಮೆ ಇಮ್ಮಡಿ. ಸಾಧಾರಣ ಬಿಯರ್ ಬಾಟಲಿ ಅದನ್ನು ತಡೆದುಕೊಳ್ಳಲು ಮಾಡಿದ್ದಲ್ಲ. ಎರಡು ಮೂರು ದಿನಗಳ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಸಲ ಒಂದೇ ಅಂಕಿ ಬಂದರೆ ಮಾತ್ರ ತುಂಬಿ.

ಹೀಗೆ ಬೆರೆಸುವ ಸಕ್ಕರೆಯನ್ನು ಚಮಚದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ. ಸಾಮಾನ್ಯ ಏಲ್‌ಗೆ ಲೀಟರಿಗೆ 6 ಗ್ರಾಂ ಸಕ್ಕರೆ ಸಾಕು, 19 ಲೀಟರಿನ ಪಾತ್ರೆಗೆ ಸುಮಾರು 115 ಗ್ರಾಂ. ಅದನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಇಡೀ ಬಿಯರಿಗೆ ಸಮನಾಗಿ ಬೆರೆಯುವಂತೆ ಮಾಡದಿದ್ದರೆ ಒಂದು ಬಾಟಲಿ ಸಪ್ಪೆಯಾಗಿ, ಅದರ ಪಕ್ಕದ್ದು ಕಾರಂಜಿಯಾಗುತ್ತದೆ. ಬೇರೆಯವರಿಗೆ ಕೊಡುವ ಬಾಟಲಿಯ ಮೇಲೆ ತುಂಬಿದ ದಿನಾಂಕವನ್ನೂ ‘ಫ್ರಿಜ್‌ನಲ್ಲಿಡಿ’ ಎಂಬ ಮಾತನ್ನೂ ಬರೆಯುವುದನ್ನು ರೂಢಿ ಮಾಡಿಕೊಳ್ಳಿ. ಇಷ್ಟು ಮಾಡಿದ ಮೇಲೆ ಧೈರ್ಯವಾಗಿ ಕೊಡಿ, ಮೊದಲ ಬಾಟಲಿ ಆ ಗೆಳತಿಗೇ ಹೋಗಲಿ.

ಪ್ರಶ್ನೆ: ಹತ್ತು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದು ಈಗ ಊರಿಗೆ ಮರಳಿದ್ದೇನೆ. ಅಲ್ಲಿ ಮಾಡುತ್ತಿದ್ದಂತೆ ಇಲ್ಲಿಯೂ ಗೆಳೆಯರೊಡನೆ ಬಿಯರ್ ಮಾಡಿ ಹಂಚಿಕೊಳ್ಳಬಹುದೇ? ಮಾರುವ ಉದ್ದೇಶ ಖಂಡಿತ ಇಲ್ಲ. (ಬೆಂಗಳೂರು)

ಉತ್ತರ: ಮಾಡುವಂತಿಲ್ಲ, ಮಾರದಿದ್ದರೂ ಸಹ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನೀವು ಕ್ಯಾಲಿಫೋರ್ನಿಯಾದಲ್ಲಿ ಅನುಭವಿಸಿದ ಸ್ವಾತಂತ್ರ್ಯವೂ ಹಳೆಯದೇನಲ್ಲ. ಬ್ರಿಟನ್ನಿನಲ್ಲಿ ಮನೆ ಬಿಯರಿಗೆ ಪರವಾನಗಿ ಬೇಡವೆಂದಾದದ್ದು 1963ರಲ್ಲಿ. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದ ಮಸೂದೆ 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆಯೇ ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿದ್ದರೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಲು ಫೆಡರಲ್ ಕಾನೂನಿನ ಒಪ್ಪಿಗೆ ಸಿಕ್ಕಿತು. ಲಾಸ್ ಏಂಜಲೀಸ್‌ನ ‘ಮಾಲ್ಟೋಸ್ ಫಾಲ್ಕನ್ಸ್’ ಕ್ಲಬ್ ಅದಕ್ಕೂ ಮೊದಲು, 1974ರಲ್ಲೇ ಹುಟ್ಟಿತ್ತು. ಮಿಸಿಸಿಪ್ಪಿ ಮತ್ತು ಅಲಬಾಮಾ ರಾಜ್ಯಗಳು ಒಪ್ಪಲು 2013ರವರೆಗೆ ಕಾಯಬೇಕಾಯಿತು. ನಮ್ಮಲ್ಲಿಯೂ ಅಂಥ ಮಿತಿಯುಳ್ಳ ವಿನಾಯಿತಿ ಬರಬೇಕೆಂಬುದು ನನ್ನ ಮನಃಪೂರ್ವಕ ಅಭಿಪ್ರಾಯ, ಬರುವವರೆಗೆ ಕಾನೂನನ್ನು ಮೀರಬೇಡಿ.

ರುಚಿ ನೋಡುವ ಗುಂಪು ಕಟ್ಟಲು ಯಾರ ತಡೆಯೂ ಇಲ್ಲ. ನಿಮ್ಮ ಊರಿನ ಮೈಕ್ರೋಬ್ರೂವರಿಗಳಲ್ಲಿ ಅಲ್ಲಿಯೇ ತಯಾರಿಸಿದ ಬಿಯರುಗಳ ಸಣ್ಣ ಸಣ್ಣ ಲೋಟಗಳನ್ನು ತರಿಸಿಕೊಂಡು, ಮೇಲೆ ಹೇಳಿದಂತೆ ಮೊದಲು ಬರೆದು ನಂತರ ಮಾತನಾಡಿ. ತಯಾರಿಸಿದವರು ಅಲ್ಲಿದ್ದರೆ ಅವರನ್ನೂ ಕರೆದು ಕೇಳಿ. ಮನೆಯಲ್ಲಿ ಮಾಡಬಹುದಾದ ಪಾಠವೊಂದಿದೆ. ಹಸಿರು ಅಥವಾ ಬಣ್ಣವಿಲ್ಲದ ಗಾಜಿನಲ್ಲಿ ಬರುವ ಒಂದೇ ಬಿಯರಿನ ಎರಡು ಬಾಟಲಿ ಕೊಂಡು, ಒಂದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಡಿ, ಇನ್ನೊಂದನ್ನು ಒಂದೆರಡು ಗಂಟೆ ಬಿಸಿಲಿಗೆ ಇಡಿ. ಬಟ್ಟೆಯೊಳಗಿನದೂ ಬಿಸಿಲಿನದೂ ಒಂದೇ ತಣುಪಿಗೆ ಬರುವಂತೆ ಇಡೀ ದಿನ ಫ್ರಿಜ್‌ನಲ್ಲಿಟ್ಟು, ಯಾವುದು ಯಾವುದೆಂದು ಹೇಳದೆ ಗೆಳೆಯರಿಗೆ ಸುರಿದುಕೊಡಿ. ಬಿಸಿಲಿನ ಬೆಳಕು ಹಾಪ್ಸ್ ಹೂವಿನ ಕಹಿಯನ್ನು ಒಡೆದು ಗಂಧಕದ ಸಂಯುಕ್ತವೊಂದನ್ನು ಹುಟ್ಟಿಸಿರುತ್ತದೆ; ಅಮೆರಿಕದಲ್ಲಿ ಅದನ್ನು ಸ್ಕಂಕ್ ಎಂಬ ಪ್ರಾಣಿಯ ನಾತಕ್ಕೆ ಹೋಲಿಸುತ್ತಾರೆ. ಆ ಪ್ರಾಣಿಯನ್ನು ನಿಮ್ಮ ಗೆಳೆಯರು ಕಂಡಿರಲಾರರು. ಆದ್ದರಿಂದ ಅವರವರ ಮೂಗಿಗೆ ಅದು ಯಾವುದರ ವಾಸನೆ ಎನಿಸಿತೆಂದು ಬರೆಯಲು ಹೇಳಿ, ಬಂದ ಪದಗಳನ್ನು ನನಗೂ ಕಳುಹಿಸಿಕೊಡಿ.